ಎರಡು ಗೇಣು ಕೆಳಗಿನ ಗೆರೆ

"ಗುರುಗಳೇ, ಪೂರ್ತಿ ತಿಳಿಯದ ಊರನ್ನು ನಡೆಸುವುದು ಹೇಗೆ?" ಎಂದು ಮರುಳಯ್ಯ ಕೇಳಿದ.

ಹೊಳೆಯಾಚೆಯ ಊರಿನ ಮಠದ ಹೊಣೆಯನ್ನು ಗುರುಗಳು ಈ ಶಿಷ್ಯನಿಗೆ ವಹಿಸಿದ್ದರು. ಅಲ್ಲಿಯ ಜನ ಎರಡು ಪಂಗಡವಾಗಿ ಹೊಡೆದಾಡುತ್ತಿದ್ದರು. ಬೇಗ ಬರಬೇಕೆಂದು ಮೂರು ಸಲ ಹೇಳಿಕಳಿಸಿದ್ದರು. ಇವನೋ, ಹೊಳೆ ದಾಟದೆ ಇಲ್ಲೇ ಕುಳಿತು, ಅಲ್ಲಿನ ಮನೆಮನೆಯ ಜಗಳ, ಸ್ವಭಾವಗಳನ್ನು ವಿಚಾರಿಸಿ ಬರೆದಿಡುವುದರಲ್ಲೇ ಒಂದು ವರ್ಷ ಕಳೆದಿದ್ದ.

ಗುರುಗಳು ಕತೆ ಹೇಳಿದರು.

ಒಂದು ಊರಿನ ಕೆರೆಗೆ ಒಬ್ಬ ಮುದುಕ ನೀರಗಂಟಿ. ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವುದು, ಮುಚ್ಚುವುದು ಅವನ ಕೆಲಸ. ತೂಬಿನ ಕಲ್ಲಿನ ಮೇಲೆ, ಕೆರೆ ತುಂಬುವ ಮಟ್ಟಕ್ಕಿಂತ ಎರಡು ಗೇಣು ಕೆಳಗೆ, ಅವನು ಒಂದು ಗೆರೆ ಕೊರೆದಿದ್ದ. ದಿನಾ ಎರಡು ಹೊತ್ತು ಹೋಗಿ ನೋಡುವನು. ನೀರು ಗೆರೆ ಮುಟ್ಟಿದರೆ ತೂಬು ತೆಗೆಯುವನು, ಇಳಿದರೆ ಮುಚ್ಚುವನು. ಅವನ ವಿದ್ಯೆ ಇಷ್ಟೇ.

ಅವನ ಅಳಿಯ ಬುದ್ಧಿವಂತ. "ಮಾವ, ಈ ಕೆರೆಗೆ ಏಳು ಹಳ್ಳ ಸೇರ್ತವೆ. ನೀವು ಒಂದನ್ನೂ ನೋಡದೆ ಎರಡು ಗೇಣು ಜಾಗ ಸುಮ್ಮನೆ ಖಾಲಿ ಬಿಡ್ತೀರಲ್ಲ" ಎಂದು ನಗುತ್ತಿದ್ದ. ಮುದುಕ ಹಾಸಿಗೆ ಹಿಡಿದಾಗ ಕೆಲಸ ಅಳಿಯನಿಗೆ ಬಂತು. ಅವನು ಏಳು ಹಳ್ಳಗಳನ್ನೂ ಕಾಲ್ನಡಿಗೆಯಲ್ಲಿ ಸುತ್ತಿದ. ಯಾವ ಮಳೆಗೆ ಯಾವುದು ಎಷ್ಟು ನೀರು ತರುತ್ತದೆಂದು ಮನೆಯ ಗೋಡೆಯ ಮೇಲೆ ಬರೆದ. ಗೆರೆಯನ್ನು ಎರಡು ಗೇಣು ಮೇಲಕ್ಕೆ ಕೊರೆದ. ಲೆಕ್ಕ ಒಂದು ದಿನವೂ ತಪ್ಪಲಿಲ್ಲ, ಊರು ಹೊಗಳಿತು. ಬರಬರುತ್ತ ಅವನು ಕೆರೆಗೆ ಹೋಗುವುದನ್ನು ಬಿಟ್ಟು ಗೋಡೆಯನ್ನೇ ನೋಡತೊಡಗಿದ.

ಮೂರನೆಯ ಮಳೆಗಾಲದಲ್ಲಿ, ಒಂದು ಹನಿಯೂ ಬೀಳದ ಬೆಳಿಗ್ಗೆ, ಮೇಲಿನೂರಿನ ಕಟ್ಟೆ ಒಡೆಯಿತು. ಆ ನೀರು ಹಳೆಯ ಬಂಡಿದಾರಿ ಹಿಡಿದು ಕೆರೆಗೆ ನುಗ್ಗಿತು. ಗೋಡೆಯ ಮೇಲೆ ಆ ದಾರಿ ಇರಲಿಲ್ಲ. ಕೂಗು ಕೇಳಿ ಅಳಿಯ ಓಡಿಬರುವಷ್ಟರಲ್ಲಿ ನೀರು ಏರಿಯ ನೆತ್ತಿಗೆ ಬಂದಿತ್ತು. ಏರಿಯ ಕೆಳಗೆ ಮೂವತ್ತು ಮನೆ.

"ಏರಿ ಒಡೆಯಿತೇ?" ಮರುಳಯ್ಯನಿಗೆ ತಡೆಯಲಾಗಲಿಲ್ಲ.

ಇಲ್ಲ. ತೂಬು ತೆಗೆದರು, ಊರಿಗೆ ಊರೇ ಸಂಜೆಯವರೆಗೆ ಏರಿಯ ಮೇಲೆ ಮಣ್ಣು ಸುರಿಯಿತು. ನಾಲ್ಕು ಬೆರಳಿನ ಅಂತರದಲ್ಲಿ ಮನೆಗಳು ಉಳಿದವು. ಅಳಿಯ ಕೆಸರುಗೈಯಲ್ಲೇ ಬಂದು ಮಾವನ ಹಾಸಿಗೆಯ ಬಳಿ ಕುಳಿತ.

"ಮಾವ, ಆ ದಾರೀಲಿ ನೀರು ಬರೋದು ನಿಮಗೆ ಗೊತ್ತಿತ್ತಾ?"

"ನನಗೆ ಏಳು ಹಳ್ಳಾನೇ ಗೊತ್ತಿರಲಿಲ್ಲ ಕಣಪ್ಪ. ಅದಕ್ಕೇ ಎರಡು ಗೇಣು ಬಿಟ್ಟಿದ್ದೆ. ಅದಕ್ಕೇ ದಿನಾ ಹೋಗಿ ನೋಡ್ತಿದ್ದೆ."

ಮರುಳಯ್ಯನ ಕಣ್ಣು ಅರಳಿತು. "ಇದನ್ನೂ ಬರೆದುಕೊಳ್ಳುತ್ತೇನೆ ಗುರುಗಳೇ. ಇನ್ನು ನಾಲ್ಕು ಮನೆಯ ವಿವರ ಸಿಕ್ಕಿದರೆ ಹೊರಟೇಬಿಡುತ್ತೇನೆ" ಎಂದ.

"ಅಲ್ಲಿಯವರೆಗೆ ಆ ಊರಿನ ತೂಬಿನ ಬಳಿ ಯಾರು ನಿಂತಿರುತ್ತಾರೆ?" ಎಂದರು ಗುರುಗಳು.