ಗೆರೆ ತುಳಿದ ಗೊರವಂಕ

ಹಕ್ಕಿಮರಿಗಳು ಕುಂಟೆಬಿಲ್ಲೆ ಆಡುತ್ತಿದ್ದವು. ಒಂಟಿಕಾಲಿನ ಗೊರವಂಕದ ಮರಿ ಕುಪ್ಪಳಿಸುತ್ತಾ ಗೆರೆ ತುಳಿಯಿತು. ಆಟದ ಯಜಮಾನಿಕೆ ವಹಿಸಿದ್ದ ಕಾಗೆ, "ಪರವಾಗಿಲ್ಲ ಪುಟ್ಟಿ, ಆಡುತ್ತಿರು. ಪಾಪ, ನಿನಗೆ ಔಟ್ ಇಲ್ಲ," ಎಂದಿತು.

ಗೊರವಂಕಕ್ಕೆ ಮೈಯೆಲ್ಲ ಉರಿಯಿತು. "ನಿನ್ನೆ ನಾನು ಮನೆ ಗೆದ್ದಾಗ ಅದು ಲೆಕ್ಕಕ್ಕಿಲ್ಲ ಅಂದೆಯಲ್ಲ ಕಾಗಕ್ಕ. ಇವತ್ತು ಸೋಲೂ ಲೆಕ್ಕಕ್ಕಿಲ್ಲವೇ? ನೀವೆಲ್ಲ ಒಂದು ಕಾಲು ಮಡಚಿಕೊಂಡು ಆಡುವ ಆಟವಿದು. ಇದರಲ್ಲೂ ನನ್ನ ಮೇಲೆ ನಿನಗೆ ಕನಿಕರವೇ? ಗೆರೆ ತುಳಿದಿದ್ದೇನೆ, ಔಟ್ ಅನ್ನು. ಅನ್ನುವವರೆಗೂ ಇಲ್ಲಿಂದ ಕದಲುವುದಿಲ್ಲ."

ಆಟ ನಿಂತಿತು. ಉಳಿದ ಮರಿಗಳು ಗೊಣಗತೊಡಗಿದವು. ಕೊನೆಗೆ ಕಾಗೆ ಮುಖ ತಿರುಗಿಸಿಕೊಂಡು, "ಔಟ್," ಎಂದಿತು.

ಗೊರವಂಕ ಕುಪ್ಪಳಿಸಿ ಹೋಗಿ, ಔಟಾದವರ ಸಾಲಿನಲ್ಲಿ ಮೊದಲ ಬಾರಿಗೆ ಎಲ್ಲರ ಜೊತೆ ನಿಂತಿತು.