ಹೊನ್ನಾಜಮ್ಮನ ಮೋಟಾರ್ ಸೈಕಲ್ಲೂ ಬಿರಡೇಂದ್ರ ಮಹಾರಾಜನ ಸೀಸೆಗಳೂ

ಒಂದಾನೊಂದು ಊರಿನಲ್ಲಿ, ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಹೊನ್ನಾಜಮ್ಮ ಎಂಬ ಸೂಲಗಿತ್ತಿ ಇದ್ದಳು. ಬೆನ್ನು ನೆಟ್ಟಗೆ ಮಾಡಿ ಕೂತುಕೊಳ್ಳಿ. ಗೋಡೆಗೆ ಒರಗಿದವರ ಕಿವಿಗೆ ಈ ಕತೆ ಹೋಗುವುದಿಲ್ಲ.

ಹೊನ್ನಾಜಮ್ಮನ ಹತ್ತಿರ ಒಂದು ಮುದಿ ಮೋಟಾರ್ ಸೈಕಲ್ ಇತ್ತು. ವಯಸ್ಸೆಷ್ಟು ಎಂದು ಕೇಳಿದರೆ, “ನಾನು ಹುಟ್ಟಿದಾಗ ರಸ್ತೆ ಇನ್ನೂ ಹುಟ್ಟಿರಲಿಲ್ಲ, ಗಾಳಿಯಲ್ಲೇ ನಿಂತು ಕಾದೆ” ಎನ್ನುತ್ತಿತ್ತು. ಹೌದು, ಅದು ಮಾತಾಡುತ್ತಿತ್ತು. ಆ ಕಾಲದ ಗಾಡಿಗಳಿಗೆ ಬಾಯಿ ಇತ್ತು. ಈಗಿನವಕ್ಕೆ ಬರೀ ಹಾರನ್ನು.

ಒಂದು ದಿನ ಬೆಟ್ಟದಾಚೆಯ ಬಳೆಗಾರ ಚೌಡಪ್ಪ ಏದುಸಿರು ಬಿಡುತ್ತಾ ಓಡಿ ಬಂದ.

“ಅವ್ವಾ, ನನ್ನ ಹೆಂಡತಿ ಕೆಂಪಮ್ಮನಿಗೆ ನೋವು ಬಂದಿದೆ. ಆದರೆ ಕೂಸು ಬರಲ್ಲ ಅಂತಿದೆ.”

“ಯಾರ ಹತ್ತಿರ ಅಂತಿದೆ?”

“ಎಲ್ಲರ ಹತ್ತಿರಾನೂ. ಹೊಟ್ಟೆಯೊಳಗಿಂದಲೇ ಕೂಗಿ ಹೇಳ್ತಿದೆ. ಹೊನ್ನಾಜಮ್ಮ ಬಂದರೆ ಬರ್ತೀನಿ, ಗುರುತಿಲ್ಲದವರ ಕೈಗೆ ಬೀಳಲ್ಲ ಅಂತ. ಹಂಡೆ ನೀರು ಕುದಿಯೋವರೆಗೆ ಕಾಯ್ತದಂತೆ. ಆಮೇಲೂ ನೀವು ಬರದಿದ್ದರೆ ಬಂದ ದಾರೀಲೇ ವಾಪಸ್ಸಂತೆ.”

“ಒಲೆ ಆರಿಸಿ ಮತ್ತೆ!”

“ಒಲೆ ಆರಿಸಿದರೆ ಮೋಸವಂತೆ. ತಣ್ಣೀರು ಬೆರೆಸಬಹುದಂತೆ. ಹೆಂಗಸರು ಸೇದಿ ಸೇದಿ ಬೆರೆಸ್ತಿದ್ದಾರೆ. ಬಾವಿ ತಳ ಕಾಣ್ತಿದೆ ಅವ್ವಾ!”

ಹೊನ್ನಾಜಮ್ಮ ಸೆರಗು ಸಿಕ್ಕಿಸಿ ಗಾಡಿಗೆ ಒಂದು ಒದೆ ಕೊಟ್ಟಳು. ಇಂಜಿನ್ನು ಗುಡುಗಿತು. ಚಕ್ರ ಮಾತ್ರ ಮಿಸುಕಲಿಲ್ಲ.

“ಏನೋ ನಿನ್ನ ಗೋಳು?”

“ಕ್ಲಚ್ ಪ್ಲೇಟಿನ ತೂತುಗಳಲ್ಲಿದ್ದ ಬೆಂಡು ಸವೆದು ಹೋಗಿದೆ ಅವ್ವಾ. ಇಂಜಿನ್ನು ಎಳೀತದೆ, ಚಕ್ರಕ್ಕೆ ಹಿಡಿತ ಸಿಗಲ್ಲ. ಸೀಸೆಗೆ ಹಾಕೋ ಬೆಂಡಿನ ಬಿರಡೆ ಸಿಕ್ಕರೆ ಸಾಕು. ಅದೂ ಅಲ್ಲದೆ ಮುಂದಿನ ಫೋರ್ಕು ಎರಡೂ, ಅಂದರೆ ನನ್ನ ಮುಂಗಾಲುಗಳು, ಮರಗಟ್ಟಿವೆ. ಹಳ್ಳ ಬಂದರೆ ಮಡಿಸೋಕಾಗಲ್ಲ. ನಿನ್ನ ಸೊಂಟ ಮುರೀತದೆ.”

“ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ?”

“ನೀನು ಊರವರ ಮಕ್ಕಳನ್ನೆಲ್ಲ ವಿಚಾರಿಸ್ತೀ. ನನ್ನನ್ನು ಕೇಳಲಿಲ್ಲ.”

ಹೊನ್ನಾಜಮ್ಮ ಕಾಲು ನೀಡಿ ಕೂತಳು. ಫೋರ್ಕುಗಳನ್ನು ಬಿಚ್ಚಿ, ಜಿಡ್ಡುಗಟ್ಟಿದ ಹಳೇ ಎಣ್ಣೆ ಚೆಲ್ಲಿ, ಒಳಗೆ ಹರಳೆಣ್ಣೆ ಹೊಯ್ದಳು. ಕೂಸಿಗೆ ನೀರೆರೆಯುವಾಗ ಮಲಗಿಸಿಕೊಳ್ಳುವಂತೆ ಕಾಲ ಮೇಲೆ ಮಲಗಿಸಿಕೊಂಡು ನೀವಿದಳು. “ಕಾಲು ಮಡಿಸು ಕಂದಾ, ಕಾಲು ಚಾಚು ಕಂದಾ.” ಮತ್ತೆ ಗಾಡಿಗೆ ಜೋಡಿಸಿದಾಗ ಫೋರ್ಕುಗಳು ಫಳಫಳ ಹೊಳೆದವು. ಬಗ್ಗಲಿಲ್ಲ.

“ಎಣ್ಣೆ ಸಾಕು,” ಎಂದಿತು ಗಾಡಿ. “ಬಗ್ಗೋದು ಹೇಗೆ ಅನ್ನೋದೇ ಮರೆತುಹೋಗಿದೆ. ಜನ್ಮದಲ್ಲಿ ಬಗ್ಗದವರು ಯಾರಾದರೂ ಬಗ್ಗಿದ್ದು ನೋಡಿದರೆ ನೆನಪಾಗಬಹುದು.”

“ಅಂಥವರು ಈ ರಾಜ್ಯದಲ್ಲಿ ಒಬ್ಬರೇ,” ಎಂದಳು ಹೊನ್ನಾಜಮ್ಮ. “ಬಿರಡೆ ಇರೋದೂ ಅವರ ಹತ್ತಿರವೇ. ತಳ್ಳು ಚೌಡಪ್ಪ.”

ಅವರೇ ಬಿರಡೇಂದ್ರ ಮಹಾರಾಜರು. ಚಪ್ಪಲಿ ಮೆಟ್ಟಲೂ ಬಗ್ಗುತ್ತಿರಲಿಲ್ಲ. ಚಪ್ಪಲಿಯನ್ನೇ ಏಣಿ ಹತ್ತಿಸಿ ಕಾಲಿನ ಮಟ್ಟಕ್ಕೆ ತರಿಸುತ್ತಿದ್ದರು. ಜಗತ್ತಿನಲ್ಲಿ ಏನೂ ಖರ್ಚಾಗಬಾರದು ಎಂಬುದು ಅವರ ಹಟ. ಹೋದ ವರ್ಷದ ತಂಗಾಳಿ, ಮಹಾರಾಣಿಯ ಸಾರಿನ ಒಗ್ಗರಣೆಯ ಘಮ, ಮಂತ್ರಿಯ ಆಕಳಿಕೆ, ಪಟ್ಟದಾನೆಯ ಸೀನು, ಎಲ್ಲವನ್ನೂ ಸೀಸೆಯಲ್ಲಿ ತುಂಬಿ ಬಿರಡೆ ಜಡಿದಿದ್ದರು. ರಾಜ್ಯದ ಬಿರಡೆಗಳೆಲ್ಲ ಅರಮನೆ ಸೇರಿದ್ದವು. ಗಾಡಿಯನ್ನು ಅರಮನೆ ಬಾಗಿಲಲ್ಲಿ ನಿಲ್ಲಿಸಿ ಹೊನ್ನಾಜಮ್ಮ ಒಂದು ಹಿಡಿ ಬಿರಡೆ ಕೇಳಿದಳು.

“ಬಿರಡೆ ಕೊಟ್ಟರೆ ಸೀಸೆ ತೆರೆದುಕೊಳ್ಳುತ್ತೆ!” ಎಂದರು ಮಹಾರಾಜರು.

“ಮಂತ್ರಿಗಳಿಗೆ ಹೆಬ್ಬೆಟ್ಟು ಇಲ್ಲವೇ ಬುದ್ಧಿ?” ಎಂದಳು ಹೊನ್ನಾಜಮ್ಮ.

ಮಹಾರಾಜರು ಯೋಚಿಸಿದರು. ಇತ್ತು. ತಲೆಗೆರಡರಂತೆ ಇತ್ತು. ಕೂಡಲೇ ಮಂತ್ರಿಗಳು ಸಾಲಾಗಿ ಕೂತು ಸೀಸೆಗಳ ಬಾಯಿಗೆ ಹೆಬ್ಬೆಟ್ಟು ಒತ್ತಿದರು. ಮಂತ್ರಿಗಳು ಸಾಲಲಿಲ್ಲ, ಸೇನಾಪತಿ ಬಂದ. ಸೇನಾಪತಿ ಸಾಲಲಿಲ್ಲ, ಸೈನ್ಯ ಬಂತು. ಅವರಿಗೆಲ್ಲ ಬಾಯಿಗೆ ತುತ್ತಿಡಲು ಅವರವರ ಹೆಂಡಂದಿರು ಬಂದರು. ಗಡಿ ಕಾಯಲು ಯಾರೂ ಉಳಿಯಲಿಲ್ಲ. ಶತ್ರು ರಾಜ ಸೈನ್ಯ ಸಮೇತ ಬಂದ. ಅವನ ಹೆಬ್ಬೆಟ್ಟನ್ನೂ ಒಂದು ಸೀಸೆಗೆ ಒತ್ತಿಸಿ ಕೂರಿಸಿದರು.

ಹೊನ್ನಾಜಮ್ಮ ಬಿರಡೆಗಳನ್ನು ಬಿಸಿನೀರಲ್ಲಿ ನೆನೆಸಿ, ಕ್ಲಚ್ ಪ್ಲೇಟಿನ ತೂತುಗಳಿಗೆ ಒತ್ತಿ ಕೂರಿಸಿ, ಕಲ್ಲಿಗೆ ಉಜ್ಜಿ ಸಮ ಮಾಡಿದಳು. ಒದ್ದಳು. ಇಂಜಿನ್ನು ಗುಡುಗಿತು. ಚಕ್ರ ಮಿಸುಕಲಿಲ್ಲ.

“ಈಗೇನೋ?”

“ಬಿರಡೆ ಜಾರ್ತಿದೆ ಅವ್ವಾ. ಕೊಟ್ಟವರಿಗೆ ಮನಸ್ಸಿರಲಿಲ್ಲ, ಅದಕ್ಕೆ ಅವರ ಕಡೆಗೇ ಜಾರ್ತಿದೆ.”

ಅಷ್ಟರಲ್ಲಿ ಬೆಟ್ಟದ ಮೇಲಿಂದ ಯಾರೋ ಕೂಗಿದರು. “ಚೌಡಪ್ಪಾ, ಬಾವಿ ಬತ್ತಿತು! ಈಗ ಹಂಡೆಗೆ ಪಾನಕ ಹುಯ್ತಿದ್ದೀವಿ! ಬೆಲ್ಲವೂ ಮುಗೀತಾ ಬಂತು!”

ಹೊನ್ನಾಜಮ್ಮ ಎಂದೂ ಯಾರನ್ನೂ ಬೇಡಿದವಳಲ್ಲ. ಈಗ ಸಿಂಹಾಸನದ ಮುಂದೆ ನಿಂತಳು.

“ಬುದ್ಧಿ, ಮನಸಾರೆ ಕೊಡಿ.”

“ಯಾಕೆ ಕೊಡಬೇಕು? ನೀನು ನನಗೇನು ಕೊಟ್ಟಿದ್ದೀ?”

“ನಿಮ್ಮನ್ನೇ ಕೊಟ್ಟೆ ಬುದ್ಧಿ.”

ಒಂದು ಹೆಬ್ಬೆಟ್ಟೂ ಅಲುಗಲಿಲ್ಲ.

“ನೀವು ಹುಟ್ಟಿದಾಗ ಅಳಲಿಲ್ಲ. ಉಸಿರೇ ಇಲ್ಲ. ನೋಡ್ತೀನಿ, ಬಾಯಿಗೆ ಬಿರಡೆ ಹಾಕಿಕೊಂಡೇ ಬಂದಿದ್ದೀರಿ! ತಲೆಕೆಳಗು ಹಿಡಿದು ಬೆನ್ನಿಗೆ ಒಂದು ತಟ್ಟಿದೆ. ಬಿರಡೆ ಟಪ್ಪಂತ ಹಾರಿತು. ಆಮೇಲೆ ನೀವು ಅತ್ತ ಅಳು! ಅರಮನೆಯ ಪಾರಿವಾಳಗಳು ಪಕ್ಕದ ರಾಜ್ಯಕ್ಕೆ ಹೋಗಿ ಸಂಸಾರ ಹೂಡಿದವು.”

“ಹೌದು, ನಮ್ಮಲ್ಲೇ ಇವೆ,” ಎಂದ ಶತ್ರು ರಾಜ, ಹೆಬ್ಬೆಟ್ಟು ತೆಗೆಯದೆ.

“ನನ್ನ ತಾಯಿ?” ಎಂದರು ಮಹಾರಾಜರು ಮೆಲ್ಲಗೆ.

“ಅತ್ತರು, ನಕ್ಕರು. ಬೆಳಗಾಗೋವರೆಗೆ ನನ್ನ ಕೈ ಬಿಡಲೇ ಇಲ್ಲ.”

“ನನಗೆ ಯಾರೂ ಹೇಳಲಿಲ್ಲವಲ್ಲ!”

“ನಾನು ಹೇಳಿಕೊಂಡು ತಿರುಗೋ ಪೈಕಿ ಅಲ್ಲ ಬುದ್ಧಿ. ಇವತ್ತು ಒಂದು ಕೂಸು ಕಾಯ್ತಿದೆ, ಅದಕ್ಕೆ ಹೇಳಿದೆ.”

ಮಹಾರಾಜರು ಮೂಗಿನ ಕೆಳಗೆ ಬೆರಳಿಟ್ಟು ನೋಡಿಕೊಂಡರು. ಉಸಿರು ಬರುತ್ತಿತ್ತು, ಹೋಗುತ್ತಿತ್ತು. ಬಿರಡೆ ಇಲ್ಲದೆಯೇ ಬರುತ್ತಿತ್ತು. ಇಷ್ಟು ವರ್ಷ ಖರ್ಚು ಮಾಡಿದರೂ ಮುಗಿದಿರಲಿಲ್ಲ. ಅವರು ಸಿಂಹಾಸನದಿಂದ ಇಳಿದರು. ಮಂಡಿ ಕಟಕ್ ಎಂದಿತು, ಸೊಂಟ ಪಟಕ್ ಎಂದಿತು. ಮಹಾರಾಜರು ಬಗ್ಗಿ, ಹರಳೆಣ್ಣೆ ಮೆತ್ತಿದ ಹೊನ್ನಾಜಮ್ಮನ ಪಾದಕ್ಕೆ ಹಣೆ ಮುಟ್ಟಿಸಿದರು.

“ಬಿರಡೆ ನಿಮ್ಮದೇ ತಾಯಿ. ಎಲ್ಲವೂ ನಿಮ್ಮದೇ.”

“ಓಹೋ, ಹಾಗೋ!” ಎಂದು ಬಾಗಿಲಲ್ಲಿದ್ದ ಗಾಡಿ ಕೂಗಿತು. ಮುಂದಿನ ಫೋರ್ಕುಗಳು ಸುಯ್ ಎಂದು ಕುಗ್ಗಿ, ಸುಯ್ ಎಂದು ಎದ್ದವು. “ನೆನಪಾಯ್ತು ಅವ್ವಾ, ನೆನಪಾಯ್ತು!”

“ತೆಗೀರಯ್ಯಾ ಹೆಬ್ಬೆಟ್ಟು!” ಎಂದರು ಮಹಾರಾಜರು, ಬಗ್ಗಿದ ಹಾಗೇ. ಟಪ್, ಟಪ್, ಟಪ್. ಮಂತ್ರಿ ಬಾಯ್ತುಂಬ ಆಕಳಿಸಿದ. ಒಗ್ಗರಣೆಯ ಘಮಕ್ಕೆ ಎರಡೂ ಸೈನ್ಯಗಳು ಊಟಕ್ಕೆ ಕೂತವು. ಪಟ್ಟದಾನೆಯ ಸೀನು ಗಾಡಿಯ ಬೆನ್ನಿಗೆ ಬಡಿಯಿತು. ಕ್ಲಚ್ಚು ಹಿಡಿಯಿತು. ಹೊನ್ನಾಜಮ್ಮ, ಹಿಂದೆ ಚೌಡಪ್ಪ, ಬೆಟ್ಟ ಹತ್ತಿ ಇಳಿದರು. ಹಳ್ಳ ಬಂದಾಗೆಲ್ಲ ಗಾಡಿ ಮಂಡಿ ಬಗ್ಗಿಸಿ “ನಮಸ್ಕಾರ ಹಳ್ಳಪ್ಪನವರೇ” ಎನ್ನುತ್ತಿತ್ತು.

ಹಂಡೆಗೆ ಕೊನೆಯ ಚೊಂಬು ಪಾನಕ ಬಿದ್ದಿತ್ತು. ತಳದಲ್ಲಿ ಗುಳ್ಳೆ ಏಳುತ್ತಿತ್ತು.

“ಯಾಕಜ್ಜಿ ಇಷ್ಟು ಹೊತ್ತು?” ಎಂದಿತು ಕೂಸು ಒಳಗಿಂದ.

“ಕ್ಲಚ್ಚು ಹೋಗಿತ್ತು ಕಂದಾ.”

“ಮೊದಲೇ ಹೇಳಬಾರದಿತ್ತೇ? ನಾನೇ ಅಲ್ಲಿಗೆ ಬರ್ತಿದ್ದೆ. ಇರಲಿ, ಕೈ ತೊಳೆದೆಯಾ?”

“ಸೀಗೆಪುಡಿ ಹಾಕಿ ತೊಳೆದೆ.”

“ಉಗುರಿನ ಸಂದಿ?”

ಹೊನ್ನಾಜಮ್ಮ ಮತ್ತೆ ತೊಳೆದಳು. ಕೂಸು ಬಂತು, ಹೆಣ್ಣುಕೂಸು, ಉಗುರುಬೆಚ್ಚಗಿನ ಪಾನಕದಲ್ಲಿ ಮಿಂದು ಬಾಯಿ ಚಪ್ಪರಿಸಿ ಅತ್ತಿತು. ಕೆಂಪಮ್ಮ ಹೊನ್ನಾಜಮ್ಮನ ಕೈ ಹಿಡಿದವಳು ಬಿಡಲೇ ಇಲ್ಲ. ಬಿಟ್ಟ ಮೇಲೆ ಹೊನ್ನಾಜಮ್ಮ ಹೊರಗೆ ಬಂದು, ಸೆರಗಿನಿಂದ ಗಾಡಿಯ ದೂಳು ಒರೆಸಿದಳು.

“ದೊಡ್ಡ ಉಪಕಾರ ಮಾಡಿದೆ ಕಣೋ. ಎಲ್ಲಾದರೂ ನೋಯ್ತಿದೆಯೇನೋ?”

ಆ ಬಾಯಿಬಡುಕ ಗಾಡಿಗೆ ಜನ್ಮದಲ್ಲಿ ಮೊದಲ ಸಲ ಮಾತು ಹೊರಡಲಿಲ್ಲ.

ಈ ಕತೆಯ ನೀತಿ ಏನೆಂದರೆ, ಕ್ಲಚ್ಚು ಬಿಚ್ಚಿದ ಕೈಯನ್ನು ಉಗುರಿನ ಸಂದಿ ಸಮೇತ ತೊಳೆಯತಕ್ಕದ್ದು. ಕತೆ ಅತ್ತ ಹೋಯಿತು, ನಾವು ಇತ್ತ ಉಳಿದೆವು. ಉಳಿಸಿದವರ ಹೊಟ್ಟೆ ತಣ್ಣಗಿರಲಿ.