ಮತ್ತಿ ಮರದ ಪತಂಗ

ಕಾಡಿನ ನಡುವೆ, ಹೊಳೆಯ ದಂಡೆಯಲ್ಲಿ ಅಡವಯ್ಯನವರ ಆಶ್ರಮ. ಅಲ್ಲಿದ್ದ ಶಿಷ್ಯರಲ್ಲಿ ಸೋಮಲಿಂಗನ ಕಣ್ಣು ಬಲು ಚುರುಕು. ಅವನಿಗೆ ಆ ಬಗ್ಗೆ ಒಳಗೊಳಗೇ ಹೆಮ್ಮೆ.

ಅಂಗಳದಂಚಿನ ಮತ್ತಿ ಮರಕ್ಕೆ ಒಂದು ಪತಂಗ ಬಂದು ಕೂರುತ್ತಿತ್ತು. ರಾತ್ರಿಯೆಲ್ಲ ಕೊಳೆತ ಹಣ್ಣಿನ ರಸ ಹೀರಿ, ಬೆಳಕು ಹರಿಯುವ ಮುಂಚೆ ತೊಗಟೆಗೆ ಅಂಟಿಕೊಳ್ಳುತ್ತಿತ್ತು. ರೆಕ್ಕೆಯ ಗೆರೆ ತೊಗಟೆಯ ಬಿರುಕಿಗೆ ಕೂಡಿಕೊಳ್ಳುವ ತನಕ ಮೆಲ್ಲಗೆ ಮೈ ತಿರುಗಿಸುತ್ತಿತ್ತು. ಆಮೇಲೆ ನೆರಳೂ ಬೀಳದಂತೆ ರೆಕ್ಕೆ ಒತ್ತಿಕೊಂಡಿತೆಂದರೆ ಕತ್ತಲಾಗುವವರೆಗೆ ಮಿಸುಕುತ್ತಿರಲಿಲ್ಲ.

ಒಂದು ಬೆಳಿಗ್ಗೆ ದೋಣಿಯಲ್ಲಿ ಭಕ್ತರು ಬಂದರು. ಗುರುಗಳು ಹೊಳೆಗೆ ಸ್ನಾನಕ್ಕೆ ಹೋಗಿದ್ದರು.

“ಇಲ್ಲೊಂದು ಪತಂಗ ಇದೆ, ಕಂಡಿತಾ?” ಎಂದು ಸೋಮಲಿಂಗ ಮರ ತೋರಿಸಿದ.

“ಎಲ್ಲಿ ಸ್ವಾಮಿ? ಬರೀ ತೊಗಟೆ ಕಾಣ್ತದೆ,” ಎಂದು ಒಬ್ಬರು ನಕ್ಕರು.

ಆ ನಗು ಅವನಿಗೆ ನಾಟಿತು. ಕಡ್ಡಿಯೊಂದನ್ನು ಹೆಕ್ಕಿ ಪತಂಗವನ್ನು ತಿವಿದ. ಮೇಲಿನ ರೆಕ್ಕೆಗಳು ಸರಿದು, ಅಡಿಯಲ್ಲಿ ಬಚ್ಚಿಟ್ಟುಕೊಂಡಿದ್ದ ಕಿತ್ತಳೆ ಬಣ್ಣ ಫಳ್ಳನೆ ಹೊಳೆಯಿತು. ಎಲ್ಲರೂ ಬೆರಗಾದರು.

ಪತಂಗ ಹಾರಿದ್ದೇ ತಡ, ಕೊಂಬೆಯ ಮೇಲಿದ್ದ ಕಾಜಾಣ ಹಕ್ಕಿ ಎರಗಿತು. ನೆಲಕ್ಕೆ ಬಿದ್ದದ್ದು ಒಂದು ರೆಕ್ಕೆ ಮಾತ್ರ.

ಸೋಮಲಿಂಗ ಆ ರೆಕ್ಕೆಯತ್ತ ನೋಡಲಾರದೆ ಒಳಗೆ ಹೋದ.

ಭಕ್ತರು ಹೊರಟುಹೋದ ಮೇಲೆ, ಊಟದ ಪಂಕ್ತಿಯಲ್ಲಿ ಜೊತೆಯ ಶಿಷ್ಯನೊಬ್ಬ ಕೇಳಿದ: “ಮತ್ತಿ ಮರದ ಬುಡದಲ್ಲಿ ಪತಂಗದ ರೆಕ್ಕೆ ಬಿದ್ದಿದೆಯಲ್ಲ, ಏನಾಯ್ತು?”

ನಿಜ ಹೇಳಲು ಸೋಮಲಿಂಗನಿಗೆ ನಾಲಿಗೆ ಏಳಲಿಲ್ಲ. “ತಾನಾಗೇ ಹಾರಿತು. ಹಕ್ಕಿ ಹಿಡೀತು,” ಎಂದ.

ಬಡಿಸುತ್ತಿದ್ದ ಗುರುಗಳು ಅವನ ಎಲೆಗೆ ಅನ್ನ ಹಾಕಿದರು. “ಇನ್ನೊಂದಿಷ್ಟು ಸಾರು ಹಾಕಲೇನಪ್ಪ?” ಎಂದು ಕೇಳಿ ಮುಂದಕ್ಕೆ ಹೋದರು.

ಸೋಮಲಿಂಗ ಅರ್ಧಕ್ಕೇ ಎಲೆ ಮಡಚಿ ಎದ್ದ.

ಸಂಜೆ ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದಾಗ ಹೋಗಿ ನಿಂತ.

“ಗುರುಗಳೇ, ನಾನು ಸುಳ್ಳು ಹೇಳಿದೆ. ಅದನ್ನು ಎಬ್ಬಿಸಿದ್ದು ನಾನೇ.”

“ಯಾಕೆ ಎಬ್ಬಿಸಿದೆ?”

“ಬಂದವರಿಗೆ ತೋರಿಸಬೇಕು ಅನ್ನಿಸಿತು.”

“ಪತಂಗವನ್ನೇ?”

ಸೋಮಲಿಂಗ ತಲೆ ತಗ್ಗಿಸಿದ. “ಇಲ್ಲ ಗುರುಗಳೇ. ನನ್ನ ಕಣ್ಣು ಎಷ್ಟು ಚುರುಕು ಅಂತ.”

ಗುರುಗಳು ತಲೆಯಾಡಿಸಿದರು. “ನಾನು ಇಲ್ಲೇ ನೀರಲ್ಲಿ ನಿಂತಿದ್ದೆ. ಎಲ್ಲ ನೋಡಿದೆ.”

ಅವನ ಮುಖಕ್ಕೆ ಕೆಂಡ ತಾಗಿದಂತಾಯಿತು. ಆ ಅನ್ನ, ಆ ಸಾರು ನೆನಪಾಗಿ ತಲೆ ಇನ್ನೂ ಬಗ್ಗಿತು.

“ಹಾಗಿದ್ದರೆ ನೀವು ಪಂಕ್ತಿಯಲ್ಲೇ ಎಲ್ಲರೆದುರು ಹೇಳಿಬಿಡಬಹುದಿತ್ತಲ್ಲ?”

“ಆ ಪತಂಗವೂ ನನಗೆ ದಿನಾ ಕಾಣ್ತಿತ್ತಪ್ಪ,” ಎಂದರು ಗುರುಗಳು. “ಅದನ್ನೂ ಯಾರಿಗೂ ಹೇಳಿರಲಿಲ್ಲ.”